‘ಹೋಗದಿದ್ದರೆ ಆಗದು’: ಜಪಾನೀ ಕಲಿಯುತ್ತಿರುವ ನಮ್ಮೂರಿನವರಿಗೆ ಒಂದು ಬಹಿರಂಗ ಪತ್ರ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಆಸುಪಾಸಿನಲ್ಲಿ ಜಪಾನೀ ಕಲಿಯುತ್ತಿರುವ ತಂಗಿಯರೇ, ತಮ್ಮಂದಿರೇ,

ನಿಮ್ಮಲ್ಲಿ ಕೆಲವರು ನರ್ಸಿಂಗ್ ಓದುತ್ತಿದ್ದೀರಿ, ಕೆಲವರು ಐಟಿಐ, ಡಿಪ್ಲೊಮಾ ಮುಗಿಸಿದ್ದೀರಿ. ಕೆಲವರು ಹಗಲು ದುಡಿದು ಬಂದು ರಾತ್ರಿ ಫೋನಿನಲ್ಲೇ ಪಾಠ ಕೇಳುತ್ತೀರಿ. ಹಿರಗನ, ಕತಕನ ಬಾಯಿಪಾಠ ಮಾಡಿ, ‘ಮಿನ್ನ ನೊ ನಿಹೊಂಗೊ’ ಪುಸ್ತಕದ ಒಂದೊಂದೇ ಪಾಠ ದಾಟಿ ಬರುವ ನೀವು 17ನೇ ಪಾಠಕ್ಕೆ ಬಂದಾಗ ಮುಗ್ಗರಿಸುವುದನ್ನು ನೋಡುತ್ತ ಬಂದಿದ್ದೇನೆ. ‘ನಕೆರೆಬ ನರಿಮಸೆನ್’ ಎಂಬ ಉದ್ದದ ಬಾಲ ಅಲ್ಲಿ ಎದುರಾಗುತ್ತದೆ. ಪಕ್ಕದಲ್ಲಿ ಇಂಗ್ಲಿಷಿನ ‘ಮಸ್ಟ್’ ಎಂಬ ಅರ್ಥ ಕೊಟ್ಟಿರುತ್ತಾರೆ. ಅಷ್ಟು ಚಿಕ್ಕ ಮಾತಿಗೆ ಇಷ್ಟು ದೊಡ್ಡ ಬಾಲ ಯಾಕೆ, ಅದರೊಳಗೆ ಎರಡೆರಡು ‘ಇಲ್ಲ’ ಯಾಕೆ ಎಂದು ತಿಳಿಯದೆ ಹಲವರು ಅದನ್ನು ಮಂತ್ರದ ಹಾಗೆ ಉರು ಹೊಡೆಯುತ್ತೀರಿ. ಪರೀಕ್ಷೆ ಮುಗಿದ ವಾರದಲ್ಲೇ ಅದು ಮರೆತುಹೋಗುತ್ತದೆ.

ನಾನು ಹೇಳಲು ಹೊರಟಿರುವುದು ಇಷ್ಟೇ: ಈ ಪಾಠವನ್ನು ಇಂಗ್ಲಿಷಿನ ಮೂಲಕ ಕಲಿಯಬೇಡಿ. ಕನ್ನಡದಲ್ಲಿ ಕಲಿಯಿರಿ. ಮನೆಯಲ್ಲಿ ತುಳು ಆಡುವವರು ತುಳುವಿನಲ್ಲಿ ಕಲಿಯಿರಿ. ಜಪಾನೀಯರು ಅಗತ್ಯವನ್ನು, ಅನಿವಾರ್ಯವನ್ನು ಹೇಳುವ ರೀತಿ ನಿಮ್ಮ ಬಾಯಲ್ಲಿ ಹುಟ್ಟಿನಿಂದಲೇ ಇದೆ.

ಮೊದಲು ಇದು ಯಾಕೆ ಇಷ್ಟು ಮುಖ್ಯ ಎಂದು ಹೇಳುತ್ತೇನೆ. ನಮ್ಮ ಹಿರಿಯರು ಮುಂಬಯಿಯ ಹೋಟೆಲುಗಳಿಗೆ ಹೋದರು, ಆಮೇಲೆ ಗಲ್ಫ್‌ಗೆ ಹೋದರು. ಅವರಾರೂ ಭಾಷೆ ಕಲಿತು ಹೊರಟವರಲ್ಲ, ದುಡಿಯುತ್ತಾ ಕಲಿತವರು. ಜಪಾನಿನ ದಾರಿ ಹಾಗಲ್ಲ. ಅಲ್ಲಿಯ ‘ತೊಕುತೆಯಿ ಗಿನೋ’, ಎಂದರೆ ನಿರ್ದಿಷ್ಟ ಕೌಶಲದ ಕೆಲಸಗಾರರ ವೀಸಾ ವ್ಯವಸ್ಥೆ 2019ರ ಏಪ್ರಿಲ್‌ನಲ್ಲಿ ಶುರುವಾಯಿತು. ಭಾರತ ಅದರ ಒಪ್ಪಂದಕ್ಕೆ ಸಹಿ ಹಾಕಿದ್ದು 2021ರ ಜನವರಿಯಲ್ಲಿ. 2025ರ ಆಗಸ್ಟಿನಲ್ಲಿ ಎರಡೂ ದೇಶಗಳ ಪ್ರಧಾನಿಗಳು ಟೋಕಿಯೊದಲ್ಲಿ ಭೇಟಿಯಾದಾಗ, ಐದು ವರ್ಷಗಳಲ್ಲಿ ಎರಡೂ ಕಡೆ ಸೇರಿ 5 ಲಕ್ಷ ಜನ ಹೋಗಿ ಬರಬೇಕು, ಅದರಲ್ಲಿ ಭಾರತದಿಂದ ಜಪಾನಿಗೆ ಹೋಗುವ ಕುಶಲರು 50,000 ಮಂದಿ ಇರಬೇಕು ಎಂಬ ಗುರಿ ಇಟ್ಟರು. ಬಾಗಿಲು ತೆರೆದಿದೆ, ಆದರೆ ಹೊಸ್ತಿಲಲ್ಲೇ ಭಾಷೆಯ ಪರೀಕ್ಷೆ ಇದೆ. ಹೆಚ್ಚಿನ ಕ್ಷೇತ್ರಗಳಿಗೆ ಜೆಎಲ್‌ಪಿಟಿ ಎಂಬ ಪರೀಕ್ಷೆಯ ಎನ್4 ಹಂತ ಅಥವಾ ಜೆಎಫ್‌ಟಿ-ಬೇಸಿಕ್ ಎಂಬ ಪರೀಕ್ಷೆ ಪಾಸಾಗಬೇಕು. ವೃದ್ಧರ ಆರೈಕೆಯ ಕೆಲಸಕ್ಕೆ ಇದರ ಜೊತೆ ಆರೈಕೆಯ ಜಪಾನೀ ಎಂಬ ಇನ್ನೊಂದು ಪರೀಕ್ಷೆಯೂ ಉಂಟು. ಜೆಎಲ್‌ಪಿಟಿಯಲ್ಲಿ ಮಾತಾಡಿಸಿ ನೋಡುವ ಭಾಗವೇ ಇಲ್ಲ. ಹಾಗಾಗಿ ಗುರುತು ಹಾಕಿ ಪಾಸಾದವರೂ ಅಲ್ಲಿ ಹೋಗಿ ನಿಂತಾಗ ಬಾಯಿ ಕಟ್ಟಿದವರಂತಾಗಬಹುದು. ಅರ್ಥವಾಗಿ ಕಲಿತವರಿಗೆ ಆ ಪಾಡು ಇಲ್ಲ.

ಈಗ ಆ ಬಾಲವನ್ನು ಬಿಡಿಸಿ ನೋಡೋಣ. ‘ನೊಮು’ ಎಂದರೆ ಕುಡಿ. ಜಪಾನೀಯರು ಮದ್ದನ್ನೂ ಕುಡಿಯುತ್ತಾರೆ, ನಮ್ಮ ಊರಿನವರ ಹಾಗೆಯೇ. ‘ನೊಮನೈ’ ಎಂದರೆ ಕುಡಿಯುವುದಿಲ್ಲ. ‘ನೊಮನಕೆರೆಬ’ ಎಂದರೆ ಕುಡಿಯದಿದ್ದರೆ. ಇನ್ನು ಉಳಿದದ್ದು ‘ನರನೈ’. ‘ನರು’ ಎಂಬ ಕ್ರಿಯಾಪದ ನಮ್ಮ ‘ಆಗು’. ದೊಡ್ಡವನಾಗುವುದಕ್ಕೆ, ಬೇಸಗೆಯಾಗುವುದಕ್ಕೆ, ಡಾಕ್ಟರಾಗುವುದಕ್ಕೆ ಎಲ್ಲಕ್ಕೂ ಅದೇ ‘ನರು’. ಅದರ ನಿಷೇಧ ‘ನರನೈ’, ಎಂದರೆ ಆಗುವುದಿಲ್ಲ. ಸೇರಿಸಿ ಓದಿ: ‘ಕುಸುರಿ ಒ ನೊಮನಕೆರೆಬ ನರನೈ.’ ಮದ್ದು ಕುಡಿಯದಿದ್ದರೆ ಆಗುವುದಿಲ್ಲ. ಮಾತಿಗೆ ಮಾತು, ಸ್ಥಾನಕ್ಕೆ ಸ್ಥಾನ ಹೊಂದುತ್ತದೆ. ಪುಸ್ತಕದಲ್ಲಿರುವ ‘ನರಿಮಸೆನ್’ ಇದೇ ‘ನರನೈ’ಯ ಮರ್ಯಾದೆಯ ರೂಪ. ಮದುವೆಗೆ ಕರೆ ಬಂದಾಗ ‘ಹೋಗದಿದ್ರೆ ಆಗುದಿಲ್ಲ ಮಾರಾಯ್ರೆ’ ಎನ್ನುವ ನಮ್ಮವರು ಜಪಾನೀ ವ್ಯಾಕರಣದಲ್ಲೇ ಮಾತಾಡುತ್ತಿರುತ್ತಾರೆ. ತುಳುವಿನ ‘ಪೋವಂದೆ ಆಪುಜಿ’ಯೂ ಅದೇ ಜಾಡಿನದು.

ಇದರ ತಂಗಿಯೊಂದಿದೆ, ‘ನೊಮನಕುತೆ ವ ಇಕೆನೈ’. ‘ಇಕು’ ಎಂದರೆ ಹೋಗು, ‘ಇಕೆನೈ’ ಎಂದರೆ ಮುಂದಕ್ಕೆ ಹೋಗಲಾಗದು. ಕನ್ನಡದಲ್ಲಿ ಇದಕ್ಕೂ ಸಿದ್ಧ ಮಾತಿದೆ: ನಡೆಯುವುದಿಲ್ಲ. ‘ಮದ್ದು ಕುಡಿಯದಿದ್ದರೆ ನಡೆಯುವುದಿಲ್ಲ’ ಎಂದು ಅಮ್ಮ ಹೇಳುವಾಗ ನಡಿಗೆಯ ಮಾತೇ ನಿಷೇಧದ ಮಾತಾಗಿರುತ್ತದೆ. ಜಪಾನಿಯಲ್ಲಿ ಆಗಿರುವುದೂ ಅದೇ. ಇವೆರಡರ ಬಳಕೆಯಲ್ಲಿ ಸಣ್ಣ ಅಂತರ ಉಂಟು. ಕಾನೂನು, ಕಟ್ಟಳೆ, ಎಲ್ಲರಿಗೂ ಅನ್ವಯಿಸುವ ಕರ್ತವ್ಯ ಮತ್ತು ಬರವಣಿಗೆಗೆ ‘ನರನೈ’ ಹೆಚ್ಚು ಒಗ್ಗುತ್ತದೆ. ಈ ಹೊತ್ತಿನ, ಈ ಮನುಷ್ಯನ ಅಗತ್ಯಕ್ಕೆ, ಬಾಯಿಮಾತಿಗೆ ‘ಇಕೆನೈ’ ಹೆಚ್ಚು ಸಹಜ. ಗೆಳೆಯರ ನಡುವೆ ಬಾಲ ಮೊಟಕಾಗಿ ‘ನೊಮನಕ್ಯ’, ‘ನೊಮನಕುಚ’ ಎಂದಷ್ಟೇ ಕೇಳಿಸುತ್ತದೆ. ‘ನೊಮನೈ ತೊ’ ಎಂದು ಅರ್ಧಕ್ಕೇ ನಿಲ್ಲಿಸುವವರೂ ಇದ್ದಾರೆ. ನಾವು ‘ಈಗ ಹೊರಡದಿದ್ರೆ...’ ಎಂದು ನಿಲ್ಲಿಸಿ ಉಳಿದದ್ದನ್ನು ಕೇಳುವವರಿಗೆ ಬಿಡುವುದಿಲ್ಲವೇ, ಹಾಗೆ. ಇವನ್ನು ಬೇರೆ ಬೇರೆ ವ್ಯಾಕರಣವೆಂದು ಎಣಿಸಿ ಹೆದರಬೇಡಿ. ಒಂದೇ ಮಾತು ಆಡಿ ಆಡಿ ಸವೆದಿರುವುದು ಅಷ್ಟೇ.

ನಿಷೇಧ ರೂಪ ಮಾಡುವುದು ಕಷ್ಟ ಎನ್ನುತ್ತೀರಿ. ಅದಕ್ಕೂ ನಿಮ್ಮ ಒಂದನೇ ತರಗತಿಯ ಕಾಗುಣಿತ ಸಾಕು. ‘ನೊಮು’ವಿನ ಕೊನೆಯ ಅಕ್ಷರ ‘ಮು’. ಮ, ಮಿ, ಮು, ಮೆ, ಮೊ ಎಂದು ಬರೆದುಕೊಳ್ಳಿ. ‘ಮ’ಗೆ ಹೋದರೆ ನೊಮನೈ, ‘ಮಿ’ಗೆ ಹೋದರೆ ನೊಮಿಮಸು, ‘ಮು’ ನಿಘಂಟಿನ ರೂಪ, ‘ಮೆ’ಗೆ ಹೋದರೆ ನೊಮೆಬ, ‘ಮೊ’ಗೆ ಹೋದರೆ ನೊಮೋ. ‘ಇಕು’ವನ್ನು ಕ, ಕಿ, ಕು, ಕೆ, ಕೊ ಎಂದು ಇದೇ ರೀತಿ ನಡೆಸಿ. ಇದು ಕಾಕತಾಳೀಯವೂ ಅಲ್ಲ. ಜಪಾನೀ ಅಕ್ಷರಮಾಲೆಯ ಈ ಜೋಡಣೆಗೆ ಸಂಸ್ಕೃತ ಮಂತ್ರಗಳಿಗಾಗಿ ಸಿದ್ಧಂ ಲಿಪಿ ಕಲಿತ ಬೌದ್ಧ ಭಿಕ್ಷುಗಳ ಪ್ರಭಾವ ಇದೆ. ಕ, ಸ, ತ, ನ, ಹ, ಮ, ಯ, ರ, ವ ಎಂಬ ಅವರ ಸಾಲಿನಲ್ಲಿ ನಮ್ಮ ವರ್ಣಮಾಲೆಯ ಕ್ರಮ ಕಾಣುವುದು ಅದರಿಂದಲೇ. ಉಳಿದಂತೆ ‘ತಬೆರು’ (ಉಣ್ಣು) ‘ತಬೆನೈ’ ಆಗುತ್ತದೆ. ‘ಸುರು’ (ಮಾಡು) ‘ಶಿನೈ’, ‘ಕುರು’ (ಬರು) ‘ಕೊನೈ’ ಎಂಬ ಎರಡನ್ನು ಬೇರೆಯಾಗಿ ನೆನಪಿಟ್ಟುಕೊಳ್ಳಬೇಕು.

ಹಾಗೆಯೇ ಟಿಪ್ಪಣಿ ಬರೆಯುವಾಗ ರೋಮನ್ ಅಕ್ಷರ ಬಿಟ್ಟು ಕನ್ನಡ ಲಿಪಿ ಬಳಸಿ. ‘ಒಬಸನ್’ ಎಂದರೆ ಅತ್ತೆಯೋ ಚಿಕ್ಕಮ್ಮನೋ ಆಗುವ ಹೆಂಗಸು, ‘ಒಬಾಸನ್’ ಎಂದರೆ ಅಜ್ಜಿ. ಹ್ರಸ್ವ, ದೀರ್ಘ, ಒತ್ತಕ್ಷರ ಈ ಮೂರನ್ನೂ ಕನ್ನಡ ಲಿಪಿ ಒಂದೇ ನೋಟದಲ್ಲಿ ತೋರಿಸುತ್ತದೆ.

ಇನ್ನು ಒಂದಕ್ಷರದಲ್ಲಿ ಅರ್ಥ ಮಗುಚಿ ಬೀಳುವ ಜಾಗಕ್ಕೆ ಬರುತ್ತೇನೆ. ಆರೈಕೆಯ ಕೆಲಸಕ್ಕೆ ಹೋಗುವವರು ಇದನ್ನು ಗಮನವಿಟ್ಟು ಓದಬೇಕು. ‘ನೊಮನಕುತೆ ವ ಇಕೆನೈ’ ಎಂದರೆ ಕುಡಿಯದಿದ್ದರೆ ನಡೆಯದು. ‘ನೊಮನಕುತೆ ಮೊ ಈ’ ಎಂದರೆ ಕುಡಿಯದಿದ್ದರೂ ಸರಿ. ಮೊದಲರ್ಧ ಎರಡರಲ್ಲೂ ಒಂದೇ. ‘ವ’ ಬಂದರೆ ಮದ್ದು ಕೊಡಲೇಬೇಕು, ‘ಮೊ’ ಬಂದರೆ ಕೊಡಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಓದುವವರಿಗೆ ಇವು ಎರಡು ಬೇರೆ ಸೂತ್ರಗಳು. ನಿಮಗೆ ಹಾಗಲ್ಲ. ‘ವತಶಿ ಮೊ’ ಎಂದರೆ ನಾನೂ. ಆ ‘ಮೊ’ ನಮ್ಮ ‘ಊ’. ‘ಕುಡಿಯದಿದ್ದರೆ’ ಎಂಬುದರಲ್ಲಿರುವ ‘ರೆ’ಯನ್ನು ‘ರೂ’ ಮಾಡಿದಾಗ ಕನ್ನಡದಲ್ಲಿ ಏನಾಗುತ್ತದೋ ‘ವ’ ಹೋಗಿ ‘ಮೊ’ ಬಂದಾಗ ಜಪಾನಿಯಲ್ಲಿ ಅದೇ ಆಗುತ್ತದೆ.

ಇದನ್ನು ಒಂದು ಬೆಳಗಿನ ಕೆಲಸದಲ್ಲಿಟ್ಟು ನೋಡಿ. ವೃದ್ಧಾಶ್ರಮದಲ್ಲಿ ಪಾಳಿ ಬದಲಾಗುವಾಗ ರಾತ್ರಿಯವರು ಒಬ್ಬ ಅಜ್ಜಿಯ ಬಗ್ಗೆ ಹೇಳುತ್ತಾರೆ: ‘ಕ್ಯೋ ವ ಒಫುರೊ ನಿ ಹೈರನಕುತೆ ಮೊ ಈ ದೆಸು.’ ಇವತ್ತು ಸ್ನಾನ ಮಾಡದಿದ್ದರೂ ಅಡ್ಡಿಯಿಲ್ಲ ಎಂದರ್ಥ. ಅಜ್ಜಿ ಬೇಕೆಂದರೆ ಸ್ನಾನ ಮಾಡಿಸಬಹುದು. ಅವರು ‘ಹೈತ್ತೆ ವ ಇಕೆಮಸೆನ್’ ಎಂದಿದ್ದರೆ ಸ್ನಾನ ಮಾಡಿದರೆ ನಡೆಯದು, ಮಾಡಿಸಕೂಡದು. ಬಹುಶಃ ಜ್ವರವಿದೆ. ‘ಹೈರನಕುತೆ ವ ಇಕೆಮಸೆನ್’ ಎಂದಿದ್ದರೆ ಮಾಡಿಸಲೇಬೇಕು. ಮಾಡಬೇಕಾಗಿಲ್ಲ, ಮಾಡಬಾರದು, ಮಾಡಲೇಬೇಕು. ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ ಹೋಗುವವರ ಎದುರು ನೀವು ನಿಂತಿರುತ್ತೀರಿ. ವಾಕ್ಯದ ಕೊನೆಯವರೆಗೆ ಕಿವಿಗೊಡದೆ ‘ಹಯಿ, ಹಯಿ’ ಎಂದು ತಲೆಯಾಡಿಸಿದರೆ ತೊಂದರೆಯಾಗುವುದು ಹಾಸಿಗೆಯಲ್ಲಿರುವ ಹಿರಿಯ ಜೀವಕ್ಕೆ.

ಕನ್ನಡ ಇಷ್ಟೆಲ್ಲ ಕೈಹಿಡಿಯುತ್ತದೆ ಎಂದ ಮೇಲೆ ಅದು ಕೈಕೊಡುವ ಜಾಗವನ್ನೂ ಹೇಳಬೇಕು. ಅದು ನಮ್ಮ ‘ಬೇಕು’. ತುಳುವಿನ ‘ಬೋಡು’ ಕೂಡ ಹಾಗೆಯೇ. ‘ನಾನು ಜಪಾನಿಗೆ ಹೋಗಬೇಕು’ ಎನ್ನುವಾಗ ಆಸೆಯೂ ಅದೇ, ಅನಿವಾರ್ಯವೂ ಅದೇ. ಹೇಳುವ ಧಾಟಿಯಿಂದ, ಸಂದರ್ಭದಿಂದ ನಾವು ತಿಳಿದುಕೊಳ್ಳುತ್ತೇವೆ. ಜಪಾನೀ ಭಾಷೆ ಇವೆರಡನ್ನೂ ಒಂದೇ ಮಾತಿನಲ್ಲಿ ಇಡುವುದಿಲ್ಲ. ಹೋಗುವ ಆಸೆ ಇದ್ದರೆ ‘ಇಕಿತೈ’, ಹೋಗದೆ ವಿಧಿಯಿಲ್ಲದಿದ್ದರೆ ‘ಇಕನಕೆರೆಬ ನರನೈ’. ವಸ್ತುವಿನ ವಿಷಯದಲ್ಲೂ ಹಾಗೆಯೇ. ನೀರು ಕುಡಿಯುವ ಮನಸ್ಸಾದರೆ ‘ಮಿಜ಼ು ಗ ಹೊಶೀ’, ಕೆಲಸಕ್ಕೆ ನೀರು ಬೇಕಾದರೆ ‘ಮಿಜ಼ು ಗ ಇರು’, ಇನ್ನೂ ಗಂಭೀರವಾಗಿ ಹೇಳುವುದಾದರೆ ‘ಮಿಜ಼ು ಗ ಹಿತ್ಸುಯೋ ದೆಸು’.

ಊರಿನಲ್ಲಿ ಅಮ್ಮನಿಗೆ ಹುಷಾರಿಲ್ಲ ಎಂದು ರಜೆ ಕೇಳಲು ಹೋದವರು ‘ಕಯೆರಿತೈ ದೆಸು’ ಎಂದರೆ ಮೇಲಧಿಕಾರಿಗೆ ‘ಮನೆಗೆ ಹೋಗೋಣ ಅನಿಸ್ತಿದೆ’ ಎಂದು ಕೇಳಿಸುತ್ತದೆ. ಹೇಳಬೇಕಾದ್ದು ‘ಕಯೆರನಕೆರೆಬ ನರನಕು ನರಿಮಶಿತ’. ಉದ್ದ ನೋಡಿ ಅಂಜಬೇಡಿ. ಹೋಗದಿದ್ದರೆ ಆಗದು ಎಂಬ ಸ್ಥಿತಿ ಬಂದಿದೆ ಎಂದು ಅದರ ಅರ್ಥ. ನಮ್ಮ ‘ಹೋಗಬೇಕಾಗಿ ಬಂದಿದೆ’ ಎಂಬ ಮಾತಿನ ತೂಕ, ವಿನಯ ಎರಡೂ ಅದರಲ್ಲಿದೆ. ಇನ್ನೊಂದು ಎಚ್ಚರ: ‘ನನಗೆ ಪೇಟೆಗೆ ಹೋಗ್ಲಿಕ್ಕುಂಟು’ ಎಂದು ನಾವು ಕರಾವಳಿಯಲ್ಲಿ ‘ನನಗೆ’ ಹಚ್ಚಿ ಮಾತಾಡುತ್ತೇವೆ. ಜಪಾನಿಯಲ್ಲಿ ‘ಹಿತ್ಸುಯೋ’ ಜೊತೆ ‘ವತಶಿ ನಿ ವ’, ಎಂದರೆ ‘ನನಗೆ’ ಹೊಂದುತ್ತದೆ. ‘ನಕೆರೆಬ ನರನೈ’ ಜೊತೆ ಮಾತ್ರ ‘ವತಶಿ ವ’ ಎಂದೇ ಹೇಳಬೇಕು.

ಹಿರಿಯರೊಡನೆ ಮಾತಾಡುವ ಕ್ರಮವನ್ನೂ ಇಲ್ಲೇ ಹೇಳಿಬಿಡುತ್ತೇನೆ. ‘ನೀರು ಬೇಕಾ ಅಜ್ಜಿ?’ ಎಂದು ಕೇಳುವುದು ನಮ್ಮಲ್ಲಿ ಅಕ್ಕರೆ. ಅದನ್ನು ‘ಮಿಜ಼ು ಗ ಹೊಶೀ ದೆಸು ಕ’ ಎಂದು ಹೇಳಿದರೆ ಹಿರಿಯರ ಮನಸ್ಸಿನೊಳಗೆ ಕೈಹಾಕಿದಂತೆ ಒರಟಾಗುತ್ತದೆ. ‘ಒಮಿಜ಼ು ವ ಇಕಗ ದೆಸು ಕ’ ಎಂದು ಕೇಳಿ. ಅಜ್ಜಿ ಎಂದೂ ಕರೆಯಬೇಡಿ, ಮನೆತನದ ಹೆಸರಿಗೆ ‘ಸನ್’ ಸೇರಿಸಿ ತನಕ-ಸನ್ ಎಂದು ಕರೆಯುವುದು ಅಲ್ಲಿಯ ಮರ್ಯಾದೆ. ಮದ್ದು ಬೇಡವೆಂದು ಮುಖ ತಿರುಗಿಸಿದವರಿಗೆ ‘ನೊಮನಕೆರೆಬ ನರಿಮಸೆನ್’ ಎಂದು ಕಟ್ಟಳೆ ಓದಿ ಹೇಳುವ ಬದಲು ‘ನೊಮಿಮಶೋ’, ಕುಡಿಯೋಣ ಎನ್ನಿ. ಅವರಿಗೆ ನೀರು ಬೇಕು ಎಂದು ಇನ್ನೊಬ್ಬರಿಗೆ ತಿಳಿಸುವಾಗ ‘ಹೊಶೀ ಸೋ ದೆಸು’ ಎಂದು ಹೇಳಿ. ಆ ‘ಸೋ’ ನಮ್ಮ ‘ಅಂತೆ’. ‘ಅಜ್ಜಿಗೆ ನೀರು ಬೇಕಂತೆ’ ಎಂದು ನಾವು ಹೇಳುವಾಗ, ಇನ್ನೊಬ್ಬರ ಮನಸ್ಸಿನಲ್ಲಿರುವುದು ನಮಗೆ ಅವರು ಹೇಳಿದಷ್ಟೇ ಗೊತ್ತು ಎಂಬ ಎಚ್ಚರ ಅದರಲ್ಲಿದೆ. ಜಪಾನೀಯರು ಆ ಎಚ್ಚರವನ್ನು ಬಿಡುವುದೇ ಇಲ್ಲ.

ಉಳಿದ ರೂಪಗಳನ್ನು ಚುಟುಕಾಗಿ ಹೇಳುತ್ತೇನೆ. ‘ಇಕು ಹಿತ್ಸುಯೋ ಗ ಅರು’ ಎಂಬುದು ಹೋಗುವ ಅಗತ್ಯ ಉಂಟು. ‘ಹಿತ್ಸುಯೋ ವ ನೈ’ ಎಂಬುದು ಅಗತ್ಯ ಇಲ್ಲ. ‘ಇಕು ಶಿಕ ನೈ’ ಎಂದರೆ ಹೋಗದೆ ಬೇರೆ ದಾರಿಯಿಲ್ಲ. ಮೇಲಿನ ತರಗತಿಗಳಲ್ಲಿ ‘ಇಕಜ಼ರು ಒ ಎನೈ’ ಬರುತ್ತದೆ, ಮನಸ್ಸಿಲ್ಲದಿದ್ದರೂ ಹೋಗದೆ ವಿಧಿಯಿಲ್ಲ ಎನ್ನುವಾಗ. ‘ಬೆಕಿ’ ಎಂಬುದೊಂದಿದೆ. ಕಿವಿಗೆ ನಮ್ಮ ‘ಬೇಕು’ವಿನ ಹಾಗೆ ಕೇಳಿಸುತ್ತದೆ, ನಂಬಬೇಡಿ. ಅದು ‘ಮಾಡತಕ್ಕದ್ದು’ ಎಂಬ ನೀತಿಯ ಮಾತು. ಹಿರಿಯರಿಗೆ, ಅಧಿಕಾರಿಗಳಿಗೆ ಅದನ್ನು ಹೇಳಿದರೆ ಬುದ್ಧಿವಾದ ಹೇಳಿದಂತಾಗುತ್ತದೆ. ಅಂಗಡಿಯಲ್ಲಿ ‘ಫುಕುರೊ ವ ಇರಿಮಸು ಕ’ ಎಂದು ಕೇಳುತ್ತಾರೆ, ಚೀಲ ಬೇಕೇ ಎಂದು. 2020ರ ಜುಲೈಯಿಂದ ಅಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಹಣ ಕೊಡಬೇಕು, ಆದ್ದರಿಂದ ಆ ಪ್ರಶ್ನೆ ತಪ್ಪದು. ‘ಇರನೈ’ ಎಂದರೆ ‘ಬೇಡ’ ಎಂದು ಮುಖಕ್ಕೆ ಹೊಡೆದಂತೆ. ‘ದಯಿಜೋಬು ದೆಸು’, ಪರವಾಗಿಲ್ಲ ಎಂದರೆ ಸೌಮ್ಯ.

ಇಷ್ಟು ಹೋಲಿಕೆ ಕಂಡವರು, ಎರಡೂ ಭಾಷೆ ಒಂದೇ ಬಳ್ಳಿಯವೇ ಎಂದು ಕೇಳುತ್ತಾರೆ. ಸುಸುಮು ಓನೊ (1919–2008) ಎಂಬ ಜಪಾನೀ ಪಂಡಿತರು ತಮಿಳಿಗೂ ಜಪಾನಿಗೂ ಸಂಬಂಧವಿದೆ ಎಂದು ಬಹುಕಾಲ ವಾದಿಸಿದರು. ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಅದನ್ನು ಒಪ್ಪಿಲ್ಲ. ನಾವೂ ರಕ್ತಸಂಬಂಧ ಹುಡುಕುತ್ತ ಕೂರಬೇಕಾಗಿಲ್ಲ. ಕ್ರಿಯಾಪದ ಕೊನೆಯಲ್ಲಿ ಬರುವುದು, ಪ್ರತ್ಯಯ ನಾಮಪದದ ಕೊನೆಗೆ ಅಂಟುವುದು, ಹೇಳುವ ಮಾತು ವಾಕ್ಯದ ತುದಿಯಲ್ಲಿ ತೀರ್ಮಾನವಾಗುವುದು, ಈ ಕಟ್ಟಡ ಒಂದೇ ಬಗೆಯದು. ಕಲಿಯುವವರಿಗೆ ಅಷ್ಟು ಸಾಕು. ತುಳು, ಕನ್ನಡ, ಕೊಂಕಣಿ, ಬ್ಯಾರಿ ನಡುವೆ ದಿನವೂ ಮಾತು ಬದಲಿಸುವ ನೆಲ ನಮ್ಮದು. ಮೂಡುಬಿದಿರೆಯ ರತ್ನಾಕರವರ್ಣಿ ತನ್ನ ಕಾವ್ಯವನ್ನು ಕನ್ನಡಿಗರು, ತೆಲುಗರು, ತುಳುವರು ತಂತಮ್ಮ ಮಾತಿನಲ್ಲೇ ಮೆಚ್ಚಿ ಕೇಳಬೇಕೆಂದು ಬಯಸಿದವನು. ಆ ಊರಿನವರು ‘ನನಗೆ ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ, ಜಪಾನೀ ಹೇಗೆ ಬಂದೀತು’ ಎಂದು ಕುಗ್ಗುವುದನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಜಪಾನಿಗೆ ಹೋಗಲು ಇಂಗ್ಲಿಷಿನ ಮೆಟ್ಟಿಲು ಹತ್ತಬೇಕೆಂಬ ನಿಯಮ ಎಲ್ಲೂ ಇಲ್ಲ.

ಇನ್ನು ವ್ಯಾಕರಣದಾಚೆಯ ಮಾತು. ಹೊರಡುವ ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಿ: ನನ್ನದು ‘ಇಕಿತೈ’ಯೋ, ‘ಇಕನಕೆರೆಬ ನರನೈ’ಯೋ? ಎರಡರಲ್ಲಿ ಯಾವುದಾದರೂ ತಪ್ಪಲ್ಲ. ಸಾಲ ತೀರಿಸಲು, ತಮ್ಮ ತಂಗಿಯರನ್ನು ಓದಿಸಲು ಹೊರಟವರ ಬಗ್ಗೆ ನನಗೆ ಗೌರವವಿದೆ. ಆದರೆ ಅನಿವಾರ್ಯ ಎಂದು ಹೊರಟವರನ್ನೇ ಹೆದರಿಸಿ ಸಹಿ ಹಾಕಿಸಿಕೊಳ್ಳುವುದು ಸುಲಭ. ನರ್ಸಿಂಗ್ ಓದಿದವರು ‘ಕಂಗೊ’ ಮತ್ತು ‘ಕೈಗೊ’ ಎಂಬ ಎರಡನ್ನು ಬೇರೆ ಮಾಡಿ ನೋಡಲೇಬೇಕು. ಮೊದಲನೆಯದು ಶುಶ್ರೂಷೆ, ಅದಕ್ಕೆ ಜಪಾನಿನ ರಾಷ್ಟ್ರೀಯ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯಬೇಕು. ಎರಡನೆಯದು ಆರೈಕೆ, ‘ತೊಕುತೆಯಿ ಗಿನೋ’ ಅಡಿ ಸಿಗುವುದು ಇದು. ಅದರಲ್ಲಿ ಸಾಮಾನ್ಯವಾಗಿ ಒಟ್ಟು 5 ವರ್ಷ ಇರಬಹುದು, ಕುಟುಂಬವನ್ನು ಕರೆದೊಯ್ಯುವಂತಿಲ್ಲ. ಅಲ್ಲಿದ್ದು ‘ಕೈಗೊ ಫುಕುಶಿಶಿ’ ಎಂಬ ರಾಷ್ಟ್ರೀಯ ಅರ್ಹತೆ ಗಳಿಸಿದರೆ ಬೇರೆ ವೀಸಾಕ್ಕೆ ಬದಲಾಯಿಸಿಕೊಂಡು ಹೆಚ್ಚು ಕಾಲ, ಕುಟುಂಬದೊಡನೆ ಇರುವ ದಾರಿ ಉಂಟು.

ಕೆಲಸದ ಷರತ್ತುಗಳನ್ನು ನಿಮಗೆ ಚೆನ್ನಾಗಿ ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು, ಠೇವಣಿ ಕಟ್ಟಿಸಿಕೊಳ್ಳಬಾರದು, ಬಿಟ್ಟುಹೋದರೆ ದಂಡ ಎಂಬ ಕರಾರು ಮಾಡಿಕೊಳ್ಳಬಾರದು ಎಂದು ಆ ವೀಸಾದ ನಿಯಮಗಳೇ ಹೇಳುತ್ತವೆ. ನಮ್ಮ ದೇಶದಲ್ಲಿ 1983ರ ವಲಸೆ ಕಾಯ್ದೆಯಡಿ ನೋಂದಾಯಿತರಾದ ಏಜೆಂಟರು ಮಾತ್ರ ವಿದೇಶಕ್ಕೆ ಜನ ಕಳಿಸಬಹುದು. ಅವರು ತೆಗೆದುಕೊಳ್ಳಬಹುದಾದ ಸೇವಾಶುಲ್ಕಕ್ಕೂ ಜಿಎಸ್‌ಟಿ ಬಿಟ್ಟು 30,000 ರೂಪಾಯಿಯ ಮಿತಿ ಇದೆ. ನಿಮ್ಮ ಮುಂದಿಟ್ಟ ಕಾಗದದಲ್ಲಿ ಎಲ್ಲೆಲ್ಲಿ ‘ನಕೆರೆಬ ನರನೈ’ ಇದೆ, ಎಲ್ಲಿ ‘ನಕುತೆ ಮೊ ಈ’ ಇದೆ, ಎಲ್ಲಿ ಮಾಡಕೂಡದು ಎನ್ನುವ ‘ತೆ ವ ನರನೈ’ ಇದೆ ಎಂದು ಗೆರೆ ಎಳೆದು ಓದಿ. 17ನೇ ಪಾಠ ಕಲಿತದ್ದರ ಮೊದಲ ಫಲ ಅದೇ ಆಗಲಿ.

ಕೊನೆಗೆ ಮೂರು ಕೋರಿಕೆ. ವಾರಕ್ಕೊಮ್ಮೆ ಮೂರೂ ಊರಿನವರು ಬಿ.ಸಿ. ರೋಡಿನಲ್ಲೋ ಉಜಿರೆಯಲ್ಲೋ ಎಲ್ಲಿ ಅನುಕೂಲವೋ ಅಲ್ಲಿ ಸೇರಿ, ಆ ವಾರದ ಪಾಠದ ಪ್ರತಿ ವಾಕ್ಯವನ್ನು ಮನೆಯಲ್ಲಿ ಆಡುವ ಮಾತಿಗೆ ತಂದು ಗಟ್ಟಿಯಾಗಿ ಹೇಳಿ. ಪಾಠ ಹೇಳುವವರು ಅರ್ಥವನ್ನು ಇಂಗ್ಲಿಷಿನಲ್ಲಿ ಕೊಟ್ಟರೆ, ಕನ್ನಡದಲ್ಲೂ ಹೇಳಿ ಎಂದು ಸಂಕೋಚವಿಲ್ಲದೆ ಕೇಳಿ. ನೀವು ಕನ್ನಡದಲ್ಲಿ ಬರೆದುಕೊಂಡ ಟಿಪ್ಪಣಿಗಳನ್ನು ಎಸೆಯದೆ, ನಿಮ್ಮ ಹಿಂದೆ ಬರುವವರಿಗೆ ಕೊಟ್ಟು ಹೊರಡಿ. ಜಪಾನೀ ವ್ಯಾಕರಣಕ್ಕೆ ಕನ್ನಡದಲ್ಲಿ ಒಂದು ಒಳ್ಳೆಯ ಕೈಪಿಡಿ ಬರಲೇಬೇಕು. ಕಲಿಯುತ್ತಿರುವ ನೀವಲ್ಲದೆ ಬೇರೆಯವರು ಅದನ್ನು ಬರೆದರೆ ನಡೆಯುವುದಿಲ್ಲ.

ನಿಮ್ಮ ಹಿತ ಬಯಸುವ,
ಊರಿನ ಒಬ್ಬ ಜಪಾನೀ ಮೇಷ್ಟ್ರು